ಅಪ್ಪನ ಅನ್ನನಾಳದ ಬಯಾಪ್ಸಿ: ಎರಡು ಲ್ಯಾಬ್, ಎರಡು ಉತ್ತರ

ರೋಣದ ಹುಡುಗ:
ಅಪ್ಪನಿಗೆ 61. ಶೇಂಗಾ ಕೀಳುವ ಹೊತ್ತಿಗೆ ರೊಟ್ಟಿ ಎದೆಯಲ್ಲೇ ನಿಲ್ಲುತ್ತದೆ ಎಂದರು. ಖಡಕ್ ರೊಟ್ಟಿ ಬಿಟ್ಟರು, ಸಾರಲ್ಲಿ ನೆನೆಸಿ ತಿಂದರು, ಈಗ ಬರೀ ಅಂಬಲಿ. ಗ್ಯಾಸ್ ಇರಬೇಕು ಅಂತ ನಾವೇ ಮೂರು ತಿಂಗಳು ಕಳೆದೆವು. ತೂಕ 9 ಕೆಜಿ ಇಳಿದಿದೆ. ಹುಬ್ಬಳ್ಳಿಯಲ್ಲಿ ಎಂಡೋಸ್ಕೋಪಿ ಆಯ್ತು. ಮೊದಲ ರಿಪೋರ್ಟ್ ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ಅನ್ನನಾಳದ ಒಳಪದರದ ಕ್ಯಾನ್ಸರ್. ಡಾಕ್ಟರಿಗೆ ಅನುಮಾನ ಬಂದು ಬೇರೆ ಲ್ಯಾಬಿಗೆ ಕಳಿಸಿದರು. ಅಲ್ಲಿ ನ್ಯೂರೋಎಂಡೋಕ್ರೈನ್ (ಹಾರ್ಮೋನ್ ಮಾಡುವ ಜೀವಕೋಶಗಳ ಬಗೆಯ ಕ್ಯಾನ್ಸರ್) ಭಾಗವೂ ಇದೆ ಅಂತ ಬಂತು. ಕಾಕಾ ಮೊದಲ ಲ್ಯಾಬಿನವರ ಮೇಲೆ ಜಗಳಕ್ಕೇ ಹೊರಟಿದ್ದಾರೆ. ಯಾವುದನ್ನು ನಂಬುವುದು? ಔಷಧ ಬದಲಾಗುತ್ತಾ?

ನವನಗರದ ಅಕ್ಕ:
ಕಾಕಾಗೆ ಸ್ವಲ್ಪ ತಡೀರಿ ಅನ್ನು, ತಮ್ಮಾ. 22 ವರ್ಷ ಬಯಾಪ್ಸಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಶೇಂಗಾ ಹೊಲದಲ್ಲಿ ತೊಗರಿ ಅಕ್ಕಡಿ ಹಾಕುತ್ತೀರಲ್ಲ, ಶೇಂಗಾ ಸಾಲಿನಲ್ಲೇ ನಾಲ್ಕು ಗಿಡ ಕಿತ್ತರೆ ತೊಗರಿ ಸಿಗುತ್ತಾ? ಎಂಡೋಸ್ಕೋಪಿಯಲ್ಲಿ ಸಿಗುವುದು ಜೋಳದ ಕಾಳಿಗಿಂತ ಸಣ್ಣ ಚೂರು. ಎರಡೂ ರಿಪೋರ್ಟ್ ಸರಿ ಇರಬಹುದು.

ಐಎಚ್‌ಸಿ ಅನ್ನುವ, ಜೀವಕೋಶದ ಬಗೆ ಗುರುತಿಸುವ ಬಣ್ಣದ ಪರೀಕ್ಷೆ ಆಗಿದೆಯಾ ನೋಡು. ಪಿ40 ಅನ್ನುವ ಗುರುತಿಗೆ ಬಣ್ಣ ಹತ್ತಿದರೆ ಸ್ಕ್ವೇಮಸ್ ಕಡೆ. ಸಿನಾಪ್ಟೊಫೈಸಿನ್, ಕ್ರೋಮೋಗ್ರಾನಿನ್ ಅನ್ನುವ ಗುರುತುಗಳಿಗೆ ಹತ್ತಿದರೆ ನ್ಯೂರೋಎಂಡೋಕ್ರೈನ್ ಕಡೆ. ಕೆಐ67 ಅಂದರೆ ಜೀವಕೋಶ ಎಷ್ಟು ಜೋರಾಗಿ ಒಂದು ಎರಡಾಗಿ ಹೆಚ್ಚುತ್ತಿವೆ ಅನ್ನುವ ಲೆಕ್ಕ. ಮಿಶ್ರ ಗಡ್ಡೆ ಅಂತ ಹೆಸರು ಕೊಡಲು ಎರಡೂ ಭಾಗ ಕನಿಷ್ಠ 30% ಇರಬೇಕು. ಚೂರಿನಲ್ಲಿ ಅದನ್ನು ಅಳೆಯುವುದು ಕಷ್ಟ. ಆಪರೇಷನ್ ಆಗಿ ಪೂರ್ತಿ ಗಡ್ಡೆ ಕೈಗೆ ಬಂದಾಗಲೇ ಎಷ್ಟೋ ಸಲ ಗೊತ್ತಾಗುವುದು.

ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಸ್ಲೈಡ್ ಜೊತೆ ಬ್ಲಾಕನ್ನೂ ಕೇಳಿ ತಗೋ. ಬ್ಲಾಕ್ ಅಂದರೆ ಆ ಚೂರನ್ನು ಹುದುಗಿಸಿಟ್ಟ ಮೇಣ, ಬಿಸಿ ತಾಗಬಾರದು. ಒಬ್ಬರು ಬಸ್ಸಿನ ಬಾನೆಟ್ ಮೇಲೆ ಇಟ್ಟುಕೊಂಡು ಬಂದಿದ್ದರು, ಆ ದಿನ ಬೈದದ್ದು ಇನ್ನೂ ನೆನಪಿದೆ.

ಹಾವೇರಿ ಶಿಕ್ಷಕ:
ನಮ್ಮ ಅತ್ತೆಗೂ ಇದೇ ಆಗಿತ್ತು. ಔಷಧ ಬದಲಾಗಬಹುದು ರೀ. ಬರೀ ಸ್ಕ್ವೇಮಸ್ ಇದ್ದು ಹರಡಿರದಿದ್ದರೆ, ಸಾಮಾನ್ಯವಾಗಿ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಅನ್ನುವ ಕೀಮೋ ಔಷಧ. ಜೊತೆಗೆ ಸುಮಾರು ಐದು ವಾರ ರೇಡಿಯೇಷನ್, ಆಮೇಲೆ ಆಪರೇಷನ್. ಜೋರಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಭಾಗ ಇದ್ದರೆ ಎಟೊಪೊಸೈಡ್ ಜೊತೆ ಸಿಸ್‌ಪ್ಲಾಟಿನ್ ಅಥವಾ ಕಾರ್ಬೋಪ್ಲಾಟಿನ್ ಕಡೆ ವಾಲುತ್ತಾರೆ. ಯಾವ ಭಾಗ ಹೆಚ್ಚು ಅಪಾಯವೋ ಅದನ್ನು ನೋಡಿ ತೀರ್ಮಾನ. ಇಂಥ ಕೇಸು ಕಡಿಮೆ, ದೊಡ್ಡ ಅಧ್ಯಯನಗಳೂ ಇಲ್ಲ. ಅದಕ್ಕೇ ಸರ್ಜನ್, ಕೀಮೋ, ರೇಡಿಯೇಷನ್ ಡಾಕ್ಟರ್ ಮೂವರೂ ಒಟ್ಟಿಗೆ ಕೂತು ನೋಡುವ ಆಸ್ಪತ್ರೆ ಹುಡುಕಿ. ಎಷ್ಟು ಹರಡಿದೆ ಅಂತ ತಿಳಿಯಲು ಪೆಟ್ ಸ್ಕ್ಯಾನ್ ಹೇಳಬಹುದು.

ಅಪ್ಪನ ಊಟದ ಬಗ್ಗೆ ಡಾಕ್ಟರನ್ನು ಈಗಲೇ ಕೇಳಿ. ತೂಕ ಇಳಿದಷ್ಟೂ ಕೀಮೋ ತಡೆಯುವುದು ಕಷ್ಟ. ಅತ್ತೆ ಊಟ ಹಾಕುವ ಟ್ಯೂಬ್ ಬೇಡವೇ ಬೇಡ ಅಂತ ಹತ್ತು ದಿನ ಹಟ ಹಿಡಿದರು. ಹಾಕಿದ ಮೇಲೆ ಎದ್ದು ಓಡಾಡಿದರು. ಟ್ಯೂಬ್ ಹಾಕಿದರೆ ಗಂಜಿ ಸೋಸಿ ಕೊಡಿ, ಇಲ್ಲಾಂದ್ರೆ ಅದು ಕಟ್ಟಿಕೊಳ್ಳುತ್ತದೆ.

ರೋಣದ ಹುಡುಗ:
ಐಎಚ್‌ಸಿ ಎರಡನೇ ಲ್ಯಾಬಿನಲ್ಲಿ ಮಾತ್ರ ಆಗಿದೆ ಅಕ್ಕಾ, ಈಗ ತೆಗೆದು ನೋಡಿದೆ. ನಾಳೆ ಮೊದಲ ಬಸ್ಸಿಗೆ ಹೋಗಿ ಬ್ಲಾಕ್ ತರುತ್ತೇನೆ. ಬಾನೆಟ್ ಮೇಲೆ ಇಡಲ್ಲ.