ಶುಂಠಿ, ಅರಿಶಿಣ ಎರಡೂ ಹಳದಿ ತಿರುಗಿವೆ, ಯೂರಿಯಾ ಹಾಕಿದರೂ ಹಸಿರಾಗುತ್ತಿಲ್ಲ

ಗಂಗಾವತಿ ಎರೆಹೊಲ:
ನಮಸ್ಕಾರ ರೀ. ಗಂಗಾವತಿ ಹತ್ತಿರ ಕಾಲುವೆ ಕೆಳಗೆ ನಮ್ಮ ಎರೆ (ಕಪ್ಪು ಮಣ್ಣಿನ) ಹೊಲ, ಸುತ್ತ ಎಲ್ಲ ಭತ್ತ. ಈ ವರ್ಷ ಮೊದಲ ಸಲ 5 ಗುಂಟೆ ಶುಂಠಿ, 5 ಗುಂಟೆ ಅರಿಶಿಣ ಹಾಕಿದೆ. ಮೇ ಕೊನೆಗೆ ನಾಟಿ. ಯಾವುದು ಚಲೋ ನೋಡೋಣ ಅಂತ ಶುಂಠಿಯಲ್ಲಿ ಅರ್ಧ ಸಪಾಟು ಮಡಿ, ಅರ್ಧ ಏರು ಮಡಿ ಮಾಡಿದೆ. ಅರಿಶಿಣ ಬೋದಿನ (ಏರಿಸಿದ ಸಾಲಿನ) ಮೇಲಿದೆ. ಈಗ ಎರಡೂವರೆ ತಿಂಗಳ ಬೆಳೆ, ಎರಡೂ ಹಳದಿ. ಗೊಬ್ಬರ ಸಾಲದು ಅಂದುಕೊಂಡು ಒಂದು ಚೀಲ ಯೂರಿಯಾ ಹಾಕಿದೆ. ಶುಂಠಿ ಇನ್ನೂ ಜಾಸ್ತಿ ಕೆಟ್ಟಿತು. ಬೀಜದ ಗೆಡ್ಡೆಗೇ ಬಹಳ ದುಡ್ಡು ಹೋಗಿದೆ. ಏನು ಮಾಡಲಿ?

ಕುಷ್ಟಗಿ ಮಸಾರಿ:
ಅಣ್ಣ, ಯೂರಿಯಾ ಮೊದಲು ನಿಲ್ಲಿಸಿ. ಎರಡೂ ಹಳದಿ ಆದವು ಅಂತ ಕಾರಣ ಒಂದೇ ಇರಬೇಕಿಲ್ಲ. ಹಳದಿ ಆದ ಶುಂಠಿಯನ್ನು ಮೆಲ್ಲಗೆ ಎಳೆದು ನೋಡಿ, ಬುಡ ಹೇಗಿದೆ? ಅರಿಶಿಣದಲ್ಲಿ ಹಳದಿ ಆಗಿರುವುದು ಎಳೆ ಎಲೆಯೋ ಹಳೇ ಎಲೆಯೋ?

ಗಂಗಾವತಿ ಎರೆಹೊಲ:
ಈಗ ನೋಡಿ ಬಂದೆ. ಸಪಾಟು ಮಡಿಯಲ್ಲಿ ಎರಡು ಬೆರಳಿನಿಂದ ಎಳೆದರೂ ಕಾಂಡ ಕೈಗೇ ಬರುತ್ತದೆ. ಬುಡ ಕಂದು ಬಣ್ಣ, ನೀರು ಕುಡಿದಂತೆ ಮೆತ್ತಗೆ. ಗೆಡ್ಡೆ ಅಮುಕಿದರೆ ಒಳಗೆಲ್ಲ ಲೋಳೆ, ಕೆಟ್ಟ ವಾಸನೆ. ಏರು ಮಡಿಯಲ್ಲಿ ಎರಡೇ ಗಿಡ ಹೀಗಿವೆ. ಅರಿಶಿಣದ ಗೆಡ್ಡೆ ಗಟ್ಟಿ ಇದೆ, ಕೆಳಗಿನ ಎಲೆಯೂ ಹಸಿರು. ಸುಳಿ ಎಲೆಯಲ್ಲಿ ಮಾತ್ರ ನರ ಹಸಿರು, ನಡುವೆಲ್ಲ ಹಳದಿ ಪಟ್ಟೆ.

ಕುಷ್ಟಗಿ ಮಸಾರಿ:
ಶುಂಠಿಯದು ಗೆಡ್ಡೆ ಕೊಳೆ, ಪಿಥಿಯಂ ರೋಗಾಣುವಿನದು. ನೀರು ನಿಂತಲ್ಲಿ ಹಬ್ಬುತ್ತದೆ. ಎರೆ ಮಣ್ಣು ಕುಡಿದ ನೀರು ಬೇಗ ಬಿಡಲ್ಲ, ಪಕ್ಕದ ಗದ್ದೆಯ ಬಸಿ ನೀರೂ ಬರುತ್ತದೆ ಅಲ್ವಾ? ಇವತ್ತೇ ಮಡಿಗಳ ನಡುವೆ ಒಂದಡಿ ಆಳದ ಬಸಿಗಾಲುವೆ ತೆಗೆಯಿರಿ. ಕೊಳೆತ ಗಿಡ ಬುಡದ ಮಣ್ಣಿನ ಸಮೇತ ಕಿತ್ತು ದೂರ ಒಯ್ದು ನಾಶ ಮಾಡಿ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದೆ. ಆ ಜಾಗಕ್ಕೂ ಸುತ್ತಲಿನ ಗಿಡಗಳ ಬುಡಕ್ಕೂ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ರೋಗನಾಶಕ ಪುಡಿ) ಕಲಸಿ ಚೆನ್ನಾಗಿ ನೆನೆಸಿ.

ಒಂದು ಅನುಮಾನ ಬಗೆಹರಿಸಿಕೊಳ್ಳಿ. ರೋಗದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಆಗ ದಾರಿ ಬೇರೆ.

ಅರಿಶಿಣಕ್ಕೆ ಕಬ್ಬಿಣದ ಕೊರತೆ. ಸುಣ್ಣ ಜಾಸ್ತಿ ಇರುವ ಎರೆಯಲ್ಲಿ ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗಲ್ಲ. ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ, ಸ್ವಲ್ಪ ನಿಂಬೆ ರಸ ಹಿಂಡಿ, ಸಂಜೆ ಎಲೆಗೆ ಹೊಡೆಯಿರಿ. 10 ದಿನ ಬಿಟ್ಟು ಇನ್ನೊಮ್ಮೆ.

ಯೂರಿಯಾ ಲೆಕ್ಕವನ್ನೂ ಹೇಳುತ್ತೇನೆ. ಕೋಳಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಶುಂಠಿಗೆ ಹೆಕ್ಟೇರಿಗೆ 75 ಕೆಜಿ ಸಾರಜನಕ ಹೇಳುತ್ತಾರೆ. 5 ಗುಂಟೆಗೆ ಅದು ಸುಮಾರು 8 ಕೆಜಿ ಯೂರಿಯಾ, ಇಡೀ ಬೆಳೆಗೆ. ಅದನ್ನೂ 45 ಮತ್ತು 90ನೇ ದಿನಕ್ಕೆ ಅರ್ಧರ್ಧ. 45 ಕೆಜಿ ಚೀಲವನ್ನು 10 ಗುಂಟೆಗೆ ಒಂದೇ ಸಲ ಸುರಿದರೆ ಕಾಂಡ ಮೆತ್ತಗಾಗಿ ಕೊಳೆ ಬೇಗ ಹತ್ತುತ್ತದೆ.

ಮಾನ್ವಿ ತೋಟ:
ಬೀಜದ ಖರ್ಚಿಗೆ ಒಂದು ಮಾತು. ಮುಂದಿನ ಸಲ ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳ ಪ್ಲಾಸ್ಟಿಕ್ ತಟ್ಟೆ) ಸಸಿ ಮಾಡಿ. 20-25 ಗ್ರಾಂ ತುಂಡಿನ ಬದಲು ಒಂದು ಕಣ್ಣಿನ 5 ಗ್ರಾಂ ತುಂಡು ಸಾಕು. ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿ 30-40 ದಿನಕ್ಕೆ ಹೊಲಕ್ಕೆ ಇಡಬಹುದು.

ಗಂಗಾವತಿ ಎರೆಹೊಲ:
ಮೂರು ವಾರ ಆಯಿತು. ಲೋಟದಲ್ಲಿ ಹಾಲು ಇಳಿಯಲಿಲ್ಲ. ಸಪಾಟು ಮಡಿಯಲ್ಲಿ ಅರ್ಧ ಹೋಯಿತು, ಉಳಿದದ್ದು ನಿಂತಿದೆ. ಅರಿಶಿಣದ ಹೊಸ ಸುಳಿ ಪೂರ್ತಿ ಹಸಿರು ಬಿಟ್ಟಿದೆ, ನೋಡಿ ಜೀವ ಬಂದಂತಾಯಿತು ರೀ. ಏರು ಮಡಿಯ ಶುಂಠಿಯನ್ನು ಬೀಜಕ್ಕೆ ಇಟ್ಟುಕೊಳ್ಳಬಹುದಾ?

ಕುಷ್ಟಗಿ ಮಸಾರಿ:
ಬೇಡ ಅಣ್ಣ. ಕೊಳೆ ಬಂದ ಹೊಲದ ಗೆಡ್ಡೆ ಹೊರಗೆ ಚಂದ ಕಂಡರೂ ಒಳಗೆ ರೋಗ ಕೂತಿರುತ್ತದೆ. ಅದನ್ನು ಅಡುಗೆಗೆ ಮಾರಿಬಿಡಿ. ಬೇರೆ ಕಡೆಯಿಂದ ತಂದ ಬೀಜವನ್ನೂ ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರನಾಶಕ) ಕಲಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿಯೇ ನಾಟಿ ಮಾಡಿ. ಜಾಗವೂ ಬೇರೆ ಇರಲಿ.