ಕಾರ್ಡ್ ಎತ್ತಿ ಉತ್ತರ ತೋರಿಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹೈಸ್ಕೂಲಿನ ವಿಜ್ಞಾನ ಶಿಕ್ಷಕರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಇಡೀ ತರಗತಿಗೆ ಪ್ರಶ್ನೆ ಕೇಳಿ ಎಲ್ಲರ ಉತ್ತರ ಒಟ್ಟಿಗೆ ನೋಡಲು ಆಗುವ ಕಹೂಟ್, ಮೆಂಟಿಮೀಟರ್, ಪ್ಲಿಕರ್ಸ್ ಥರದ ಆನ್‌ಲೈನ್ ಸಾಧನಗಳನ್ನು ಪಾಠದ ನಡುವೆ ಬಳಸುವುದು ಹೇಗೆ ಅನ್ನುವುದು ವಿಷಯ. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ನಿಮ್ಮ ಸಹಾಯ ಬೇಕು.

ಮೊದಲನೆಯದು 'ರೆಸ್ಪಾನ್ಸ್', ಅಂದರೆ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ. ಪ್ರತಿಕ್ರಿಯೆ ಅನ್ನೋಣ ಅಂದರೆ, ಕೈಪಿಡಿಯ ಮೊದಲ ಉದಾಹರಣೆಯೇ ನ್ಯೂಟನ್‌ನ ಮೂರನೇ ನಿಯಮ. ಅಲ್ಲಿ ಪ್ರತಿಕ್ರಿಯೆ ಅಂದರೆ ಬಲ. 'ಮಕ್ಕಳ ಪ್ರತಿಕ್ರಿಯೆ ನೋಡಿ ಪ್ರತಿಕ್ರಿಯೆಯ ಪಾಠ ಮುಂದುವರಿಸಿ' ಅಂತ ಬರೆದರೆ ಓದುವವರ ಗತಿ ಏನು? ಸ್ಪಂದನೆ ಇನ್ನೂ ದೂರ. ಅದು ಮನವಿಗೆ, ಕಷ್ಟಕ್ಕೆ ಹೊಂದುವ ಮಾತು.

ತರಗತಿಯಲ್ಲಿ ನಡೆಯುವುದನ್ನೇ ಹೇಳುತ್ತೇನೆ, ಪದ ಅಲ್ಲಿಂದಲೇ ಹುಟ್ಟಲಿ. ಪ್ಲಿಕರ್ಸ್‌ನಲ್ಲಿ ಮಕ್ಕಳಿಗೆ ಫೋನ್ ಬೇಕಿಲ್ಲ, ಫೋನ್ ಇರಬೇಕಾದದ್ದು ಶಿಕ್ಷಕರ ಹತ್ತಿರ ಮಾತ್ರ. ಪ್ರತಿ ಮಗುವಿನ ಕೈಯಲ್ಲಿ ಕಪ್ಪು ಬಿಳುಪು ಗುರುತಿರುವ ಒಂದು ಕಾರ್ಡ್. ನಾಲ್ಕು ಬದಿಗೆ ಎ, ಬಿ, ಸಿ, ಡಿ. ಯಾವ ಉತ್ತರ ಸರಿ ಅನ್ನಿಸುತ್ತದೋ ಆ ಬದಿ ಮೇಲೆ ಬರುವ ಹಾಗೆ ತಿರುಗಿಸಿ ಎತ್ತಿ ಹಿಡಿಯಬೇಕು. ಶಿಕ್ಷಕರು ಫೋನಿನ ಕ್ಯಾಮೆರಾವನ್ನು ಒಂದು ಸುತ್ತು ತೋರಿಸಿದರೆ ಯಾರು ಏನು ಹೇಳಿದರು ಅನ್ನುವುದು ಬಂದುಬಿಡುತ್ತದೆ. ಅಕ್ಷರ ಸಣ್ಣದು, ಒಬ್ಬೊಬ್ಬರ ಕಾರ್ಡಿನ ಗುರುತೂ ಬೇರೆ, ಹಾಗಾಗಿ ಪಕ್ಕದವರದನ್ನು ನೋಡಿ ತಿರುಗಿಸುವುದು ಸುಲಭ ಅಲ್ಲ. 'ಅರ್ಥ ಆಯ್ತಾ?' ಅಂತ ಕೇಳಿದರೆ ಇಡೀ ತರಗತಿ 'ಹೂಂ ಸಾರ್' ಅನ್ನುತ್ತದೆ ಅಲ್ವಾ? ಅದೇ ಮಕ್ಕಳಿಗೆ 'ಲಾರಿಗೂ ಸ್ಕೂಟರ್‌ಗೂ ಡಿಕ್ಕಿ ಆಯಿತು, ಯಾವುದರ ಮೇಲೆ ಬಿದ್ದ ಬಲ ಜಾಸ್ತಿ?' ಅಂತ ಕೇಳಿ ಕಾರ್ಡ್ ಎತ್ತಿಸಿ ನೋಡಿ. ಸ್ಕೂಟರ್ ಮೇಲೆ ಅನ್ನುವವರೇ ಜಾಸ್ತಿ. ಎರಡರ ಮೇಲೂ ಒಂದೇ ಅಳತೆಯ ಬಲ ಅಂತ ನಿಯಮವನ್ನು ಬಾಯಿಪಾಠ ಒಪ್ಪಿಸಿದವರೂ ಆ ಗುಂಪಿನಲ್ಲಿ ಇರುತ್ತಾರೆ.

ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಮಾಡಿಕೊಂಡು ಬಂದದ್ದೂ ಇದನ್ನೇ. ಮೊದಲು ಒಬ್ಬೊಬ್ಬರೇ ಉತ್ತರ ಕೊಡಬೇಕು, ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು, ಆಮೇಲೆ ಮತ್ತೆ ಉತ್ತರ. ಅವರಲ್ಲಿ ಹೀಗೆ ಉತ್ತರ ಕೊಡುವುದನ್ನು ವೋಟ್ ಅನ್ನುವುದುಂಟು. ನಮ್ಮಲ್ಲಿ ಮತ ಹಾಕುವುದು ಅಂದರೆ ಜಾಸ್ತಿ ಜನ ಹೇಳಿದ್ದೇ ಗೆದ್ದಿತು ಅನ್ನುವ ಅರ್ಥ ಬಂದುಬಿಡುತ್ತದೆ. ಲಾರಿಯ ಪ್ರಶ್ನೆಯಲ್ಲಿ ಜಾಸ್ತಿ ಜನ ಹೇಳಿದ್ದು ತಪ್ಪು. ಹಾಗಾಗಿ ಮತ, ಮತದಾನ ಎರಡನ್ನೂ ಬಿಟ್ಟಿದ್ದೇನೆ. ಸದ್ಯಕ್ಕೆ 'ಉತ್ತರ ತೋರಿಸುವುದು', 'ಉತ್ತರ ಕಾರ್ಡ್' ಅಂತ ಇಟ್ಟುಕೊಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು 'ಅಸೆಸ್‌ಮೆಂಟ್'. ಮೌಲ್ಯಮಾಪನ ಇದೆ, ಮೌಲ್ಯಾಂಕನ ಇದೆ, ಪರೀಕ್ಷಾ ಮಂಡಳಿಯ ಹೆಸರಿನಲ್ಲಿ ಮೌಲ್ಯನಿರ್ಣಯವೂ ಇದೆ. ಮೂರರಲ್ಲೂ ಮೌಲ್ಯ ಕಟ್ಟುವ ಮಾತು. ಮೌಲ್ಯಮಾಪನ ಅಂದರೆ ನಮ್ಮ ಜನಕ್ಕೆ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆ, ಮೌಲ್ಯಮಾಪನ ಕೇಂದ್ರ, ಮರುಮೌಲ್ಯಮಾಪನದ ಅರ್ಜಿ. ಹಾಗಾದರೆ 'ರೂಪಣಾತ್ಮಕ ಮೌಲ್ಯಮಾಪನ' ಸಾಕಲ್ಲ ಅನ್ನಬಹುದು. ಅದರ ಮೂಲವಾದ 'ಫಾರ್ಮೇಟಿವ್', ಅದರ ಜೋಡಿ 'ಸಮೇಟಿವ್' (ಕೊನೆಯಲ್ಲಿ ಒಟ್ಟಾರೆ ಅಳೆಯುವುದು) ಅನ್ನುವ ಇಂಗ್ಲಿಷ್ ಪದಗಳನ್ನು 1967ರಲ್ಲಿ ವಿದ್ವಾಂಸ ಮೈಕೇಲ್ ಸ್ಕ್ರಿವನ್ ಬಳಕೆಗೆ ತಂದಾಗ, ಕೆಲಸ ಇನ್ನೂ ನಡೆಯುತ್ತಿರುವಾಗಲೇ ನೋಡಿ ತಿದ್ದಿಕೊಳ್ಳುವುದು ಅನ್ನುವುದು ಫಾರ್ಮೇಟಿವ್ ಅನ್ನುವುದರ ತಿರುಳಾಗಿತ್ತು. ನಮ್ಮ ಶಾಲೆಗಳಲ್ಲಿ ಅದು ವರ್ಷಕ್ಕೆ ನಾಲ್ಕು ಎಫ್‌ಎ (ಫಾರ್ಮೇಟಿವ್ ಅಸೆಸ್‌ಮೆಂಟ್), ಎರಡು ಎಸ್‌ಎ (ಸಮೇಟಿವ್ ಅಸೆಸ್‌ಮೆಂಟ್) ಆಗಿ ಅಂಕದ ಪುಸ್ತಕ ಸೇರಿತು. 'ಎಫ್‌ಎ ಮಾರ್ಕ್ಸ್ ಹಾಕಿದ್ರಾ?' ಅನ್ನುವುದೇ ಸ್ಟಾಫ್ ರೂಮಿನ ಮಾತು. ಕಾರ್ಡ್ ಎತ್ತಿಸುವುದು ಅಂಕಕ್ಕಲ್ಲ. ಮುಂದಿನ ಹತ್ತು ನಿಮಿಷ ಏನು ಪಾಠ ಮಾಡಬೇಕು ಅಂತ ಶಿಕ್ಷಕರಿಗೆ ಗೊತ್ತಾಗಲಿ ಅಂತ. ಮೌಲ್ಯಮಾಪನ ಅಂದ ಕೂಡಲೇ ಮಗು ತಪ್ಪಾದೀತು ಅಂತ ಹೆದರಿ ಪಕ್ಕದವರನ್ನು ಕೇಳಿ ಕಾರ್ಡ್ ತಿರುಗಿಸುತ್ತದೆ, ಆಮೇಲೆ ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. 'ತಿಳಿವು ನೋಡುವುದು' ಅಂದರೆ ಹೇಗೆ? 'ಎಷ್ಟು ತಿಳಿಯಿತು' ಅಂತಲೇ ಶೀರ್ಷಿಕೆ ಕೊಡಬಹುದಾ?

ಇನ್ನೆರಡು ಚಿಕ್ಕವು. ಮೆಂಟಿಮೀಟರ್‌ನಲ್ಲಿ ಹೆಸರು ಹೇಳದೆ ಉತ್ತರ ಕೊಡಬಹುದು. ಅದಕ್ಕೆ 'ಅನಾಮಧೇಯ' ಬೇಡ, ಅದು ದೂರು ಅರ್ಜಿಯ ಮಾತು. 'ಹೆಸರಿಲ್ಲದೆ' ಸಾಕು ಅನ್ನಿಸುತ್ತದೆ. ಪಾಠ ಮುಗಿದು ಹೊರಡುವ ಮುಂಚೆ ಮಕ್ಕಳು ಒಂದು ಸಾಲು ಬರೆದುಕೊಡುವ 'ಎಕ್ಸಿಟ್ ಟಿಕೆಟ್'ಗೆ ನಿರ್ಗಮನ ಚೀಟಿ ಅನ್ನಲು ಮನಸ್ಸು ಬರುತ್ತಿಲ್ಲ. ಶಾಲೆಯಲ್ಲಿ ಚೀಟಿ ಅಂದರೆ ಕಾಪಿ ಚೀಟಿ ತಾನೇ?

ಧಾರವಾಡ, ಕಲಬುರಗಿ, ಮಂಗಳೂರು ಕಡೆ ಪಾಠ ಮಾಡುವವರು ಇದ್ದರೆ, ಮಕ್ಕಳಿಗೆ ಎಷ್ಟು ತಿಳಿದಿದೆ ಅಂತ ಪಾಠದ ನಡುವೆ ಕೇಳಿ ನೋಡುವುದಕ್ಕೆ ನಿಮ್ಮಲ್ಲಿ ಬಾಯಿಮಾತಿನಲ್ಲಿ ಏನನ್ನುತ್ತಾರೆ, ಅದನ್ನು ಹಾಗೇ ಬರೆದು ತಿಳಿಸಿ. ಅಚ್ಚಿಗೆ ಕಳಿಸುವ ಮುಂಚೆ ಸೇರಿಸಿಕೊಳ್ಳುತ್ತೇನೆ.