ಪದಚರ್ಚೆ: ಫೆಟೀಗ್ ಟೆಸ್ಟ್‌ಗೆ ‘ದಣಿವಿನ ಪರೀಕ್ಷೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಸ್ನಾಯುಕ್ಷಯ ಇರುವ ಮಕ್ಕಳ ಮನೆಯವರಿಗಾಗಿ ಗಾಲಿಕುರ್ಚಿ, ಕಾಲಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್‌ಗಳ ಸುರಕ್ಷತೆಯ ಬಗ್ಗೆ ಒಂದು ಕೈಪಿಡಿ ಅಚ್ಚಿಗೆ ಹೋಗಲಿಕ್ಕಿದೆ. ಕರಡಿನಲ್ಲಿ ಸ್ಟ್ರೆಂತ್ ಟೆಸ್ಟ್‌ಗೆ ‘ಸಾಮರ್ಥ್ಯ ಪರೀಕ್ಷೆ’, ಫೆಟೀಗ್ ಟೆಸ್ಟ್‌ಗೆ ‘ದಣಿವಿನ ಪರೀಕ್ಷೆ’, ಸ್ಟೆಬಿಲಿಟಿಗೆ ‘ಸ್ಥಿರತೆ’ ಎಂದಿದೆ. ಒಟ್ಟಾರೆ ಹೆಸರು ‘ಆಧಾರ ಸಾಧನ’. ದಣಿವಿನ ಪರೀಕ್ಷೆ ಎಂದರೆ ಮಗುವನ್ನು ನಡೆಸಿ ನೋಡುವುದಾ ಎಂದು ಕರಡು ಓದಿದವರು ಕೇಳಿದ್ದಾರೆ. ಬೇರೆ ಪದಗಳಿದ್ದರೆ ದಯಮಾಡಿ ತಿಳಿಸಿ.

— ಉಡುಪಿಯಿಂದ

ಅವರು ಕೇಳಿದ್ದು ಸರಿಯೇ ಇದೆ. ಸ್ನಾಯುಕ್ಷಯ ಇರುವ ಮನೆಯಲ್ಲಿ ದಣಿವು ಎಂದರೆ ಮಗುವಿನ ದಣಿವು. ಕಬ್ಬಿಣದ ದಣಿವು ಎಂಜಿನಿಯರಿಂಗ್ ಪಠ್ಯದಲ್ಲೇ ಇರಲಿ.

ನಮ್ಮಲ್ಲಿ ತಾಳಿಕೆ, ಬಾಳಿಕೆ ಎಂಬ ಜೋಡಿಯೇ ಇದೆಯಲ್ಲ. ಒಮ್ಮೆಗೆ ಬಿದ್ದ ಭಾರಕ್ಕೆ ಮುರಿಯದೆ ನಿಂತರೆ ತಾಳಿಕೆ. ಸಣ್ಣ ಪೆಟ್ಟು ಸಾವಿರಾರು ಸಲ ಬಿದ್ದರೂ ಬಿರುಕು ಬಿಡದಿದ್ದರೆ ಬಾಳಿಕೆ. ಗಾಲಿಕುರ್ಚಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7176ರ 8ನೇ ಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಬಾಳಿಕೆಗಾಗಿ ಡಮ್ಮಿ (ಆಳಿನ ಬದಲಿನ ತೂಕದ ಬೊಂಬೆ) ಕೂರಿಸಿದ ಕುರ್ಚಿಯನ್ನು 12 ಮಿ.ಮೀ. ಎತ್ತರದ ಪಟ್ಟಿ ಕೂರಿಸಿದ ಎರಡು ಉರುಳೆಗಳ ಮೇಲೆ 2,00,000 ಸುತ್ತು ಓಡಿಸುತ್ತಾರೆ, ಆಮೇಲೆ 50 ಮಿ.ಮೀ. ಎತ್ತರದಿಂದ 6,666 ಸಲ ಬೀಳಿಸುತ್ತಾರೆ. ಬೆಸುಗೆಯ ಪಕ್ಕ, ಮುಂದಿನ ಸಣ್ಣ ಗಾಲಿಯ ಕವಲು, ಇವನ್ನು ಮೊದಲು ನೋಡಬೇಕು. ‘ಸಾಮರ್ಥ್ಯ’ ಎಂದು ಬರೆದರೆ ಮೋಟಾರಿನ ಶಕ್ತಿ ಎಂದುಕೊಂಡಾರು.

‘ಸ್ಥಿರತೆ’ ತಪ್ಪೇನಲ್ಲ, ಆದರೆ ಮನೆಯವರಿಗೆ ಗೊತ್ತಾಗಬೇಕಾದದ್ದು ಕುರ್ಚಿ ಯಾವಾಗ ಮಗುಚುತ್ತದೆ ಎಂಬುದು. ‘ಮಗುಚುವ ಓರೆ’ ಎನ್ನಿ. ದೋಣಿ ಮಗುಚುವುದನ್ನು ಬಲ್ಲ ಕರಾವಳಿಯವರಿಗೆ ವಿವರಣೆ ಬೇಡ. ಅದೇ ಮಾನದಂಡದ 1ನೇ ಭಾಗದ ಪರೀಕ್ಷೆಯಲ್ಲಿ ಕುರ್ಚಿ ಇಟ್ಟ ಹಲಗೆಯನ್ನು ಮೆಲ್ಲನೆ ಎತ್ತುತ್ತಾರೆ. ಏರಿನ ಬದಿಯ ಗಾಲಿಯಡಿ ಇಟ್ಟ ಕಾಗದದ ಚೂರು ಎಳೆದಾಗ ಸಲೀಸಾಗಿ ಬಂತೆಂದರೆ ಆ ಗಾಲಿಯ ಮೇಲೆ ಭಾರ ಉಳಿದಿಲ್ಲ; ಆಗಿನ ಓರೆಯೇ ಮಿತಿ. ಬೆನ್ನ ಹಿಂದೆ ಬೈಪ್ಯಾಪ್ (ಉಸಿರಾಟಕ್ಕೆ ನೆರವಾಗುವ ಯಂತ್ರ), ಬ್ಯಾಟರಿ ತೂಗು ಹಾಕಿದರೆ ಅಥವಾ ಒರಗನ್ನು ಹಿಂದಕ್ಕೆ ಬಾಗಿಸಿದರೆ ಹಿಂದಕ್ಕೆ ಮಗುಚುವ ಈ ಮಿತಿ ಇಳಿಯುತ್ತದೆ. ಕೂತವರಿಗೆ ಮುಂದಕ್ಕೆ ಬಾಗಿ ಸರಿದೂಗಿಸುವ ಬಲವೂ ಇರುವುದಿಲ್ಲ. ನಮ್ಮ ಮಂಗಳೂರಿನ ಬಾವುಟಗುಡ್ಡೆಯ ಏರಿನಲ್ಲಿ ಕುರ್ಚಿ ತಳ್ಳುವವರು ಇದನ್ನು ಓದಲೇಬೇಕು. ಆದ್ದರಿಂದ ‘ಸಾಮಾನು ಹೇರಿದಾಗ ಮಗುಚುವ ಓರೆ’ ಎಂದು ಇನ್ನೊಂದು ಸಾಲು ಸೇರಿಸಿ.

ಸ್ಪ್ಲಿಂಟ್ ಹಾಗೇ ಇರಲಿ. ‘ಕಾಲುಪಟ್ಟಿ’ ಎಂದರೆ ಬ್ಯಾಂಡೇಜಿನ ನೆನಪಾಗುತ್ತದೆ. ಸ್ಪ್ಲಿಂಟ್‌ನ ಪ್ಲಾಸ್ಟಿಕ್ (ಪಾಲಿಪ್ರೊಪಿಲೀನ್) ಬಿರಿಯುವ ಮೊದಲು ಪಾದದ ಗಂಟಿನ ಬದಿಯ ಅಂಚಿನಲ್ಲಿ, ರಿವೆಟ್‌ಗಳ ಸುತ್ತ ಬಿಳಿ ಗೆರೆ ಮೂಡುತ್ತದೆ. ಅದಕ್ಕೆ ‘ಬಿಳಿಚಿಕೊಳ್ಳುವುದು’ ಸಾಕು.

‘ಚರ್ಮದ ಉರಿಯೂತ’ ಎಂದು ಬರೆದಿದ್ದರೆ ತೆಗೆದುಬಿಡಿ. ‘ಒತ್ತಿದ ಗುರುತು’ ಎನ್ನಿ. ಸ್ಪ್ಲಿಂಟ್ ಬಿಚ್ಚಿ ಅರ್ಧ ಗಂಟೆಯಾದರೂ ಅದು ಮಾಸದಿದ್ದರೆ ತಯಾರಿಸಿದವರಲ್ಲಿಗೆ ವಾಪಸು ಒಯ್ಯಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಕೈಯಿಟ್ಟು ಬಿಸಿ ಇದೆಯೇ ನೋಡಬೇಕು.

‘ಆಧಾರ ಸಾಧನ’ ಮಾತ್ರ ಖಂಡಿತ ಬೇಡ. ‘ಆಧಾರ ಪರಿಶೀಲನೆ’ ಎಂಬ ತಲೆಬರಹ ಕಂಡರೆ ಜನ ಕಾರ್ಡು ಹುಡುಕುತ್ತಾರೆ. ‘ಆಸರೆ ಸಾಧನ’ ಆಗಬಹುದು.

— ಮಂಗಳೂರಿನಿಂದ

ತಾಳಿಕೆ, ಬಾಳಿಕೆ, ಆಸರೆ ಮೂರನ್ನೂ ತೆಗೆದುಕೊಂಡೆವು. ಕುರ್ಚಿಯ ಚೀಟಿಯಲ್ಲಿರುವ ಮ್ಯಾಕ್ಸಿಮಮ್ ಯೂಸರ್ ವೆಯ್ಟ್‌ಗೆ ‘ಹೊರುವ ತೂಕ’ ಎಂದರೆ ಬೈಪ್ಯಾಪ್‌ನ ತೂಕವೂ ಸೇರಿದೆ ಎಂದುಕೊಳ್ಳುವ ಅಪಾಯವಿದೆ. ‘ಕೂರುವವರ ತೂಕದ ಮಿತಿ’ ಆದೀತೇ?

— ಉಡುಪಿಯಿಂದ